ಎರಡು ಮೊಳದ ವೈರು

ಮೂವತ್ತು ವರ್ಷ ಬಟ್ಟೆ ಹೊಲಿದ ಟೈಲರಕ್ಕನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಮರಗೆಲಸದ ಹುಚ್ಚು ಹಿಡಿಯಿತು. ಬಟ್ಟೆ ಕತ್ತರಿಸುವ ಮೇಜಿನ ಕಾಲು ಮುರಿದದ್ದೇ ನೆಪ, ಹೊಸದನ್ನು ಕೈಯಾರೆ ಮಾಡುತ್ತೇನೆಂದು ಹಠ ಹಿಡಿದು ಕೂತಳು. ನೆಟ್ಟಗೆ ಒಂದು ಮೊಳೆ ಹೊಡೆಯಲು ಬಾರದವಳು ಮಷಿನ್ ಹಿಡಿಯುತ್ತಾಳಂತೆ ಎಂದು ಎಲೆಕ್ಟ್ರಿಷಿಯನ್ ತಮ್ಮ ನಕ್ಕ. ನಕ್ಕರೂ ಒಳಗೊಳಗೇ ಅಳುಕಿತ್ತು. ಅಕ್ಕನ ಹತ್ತು ಬೆರಳೇ ಅವಳ ಅಂಗಡಿ, ಅವಳ ಅನ್ನ.

ಹೊಸ ಮಷಿನ್ ಕೈಗೆಟುಕುವಂತಿರಲಿಲ್ಲ. ಹಾಗಾಗಿ ಇಬ್ಬರೂ ಹಿಂದಿನ ವರ್ಷ ತೀರಿಕೊಂಡ ಬಡಗಿಯೊಬ್ಬನ ಮನೆಗೆ ಹೋದರು. ಅವನ ಹೆಂಡತಿ ಸಾಮಾನನ್ನೆಲ್ಲ ಹಳೇ ಬೆಡ್‌ಶೀಟಿನ ಮೇಲೆ ಹರಡಿದ್ದಳು. ಮೂಲೆಯಲ್ಲಿದ್ದ ಸ್ಟೂಲಿನ ಮೇಲೆ ತಮ್ಮ ಕೂರಲು ಹೋದಾಗ ಬೇಡವೆಂದು ಕೈಯಾಡಿಸಿ ಚಾಪೆ ತೋರಿಸಿದಳು. ಅವನು ಹಲಗೆ ಕೊಯ್ಯುವ ಮಷಿನ್ ಎತ್ತಿಕೊಂಡು ಬ್ಲೇಡು ಅಲುಗಾಡಿಸಿ ನೋಡಿದ, ಸುಟ್ಟ ವಾಸನೆ ಇದೆಯೇ ಎಂದು ಮೋಟರನ್ನು ಮೂಸಿದ. ಎಲ್ಲ ಗಟ್ಟಿಮುಟ್ಟಾಗಿತ್ತು. ಆದರೆ ಒತ್ತಿದ ಸ್ವಿಚ್ಚು ಒಮ್ಮೊಮ್ಮೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ವೈರನ್ನು ಯಾರೋ ಎರಡೇ ಮೊಳಕ್ಕೆ ಕತ್ತರಿಸಿ ತುದಿಗೆ ಪ್ಲಗ್ಗಿನ ಪಿನ್ನು ಕೂರಿಸಿದ್ದರು. ಎರಡನ್ನೂ ಸರಿಮಾಡಿಕೊಡುತ್ತೇನೆ ಎಂದ ತಮ್ಮ.

“ವೈರು ಉದ್ದ ಮಾಡ್ಬೇಡಿ. ಅದು ಅವರೇ ಮಾಡಿದ್ದು,” ಎಂದಳು ಬಡಗಿಯ ಹೆಂಡತಿ. ಕಾರಣ ಕೇಳದೆ ಇವರು ದುಡ್ಡು ಕೊಟ್ಟು ಮಷಿನ್ ಮನೆಗೆ ತಂದರು.

ಮಷಿನ್ನಿನ ಮುಂದಿನ ಹಿಡಿಯಲ್ಲಿ ಎಡಗೈ ಊರುವ ಕಡೆ ಬಣ್ಣ ಸವೆದಿತ್ತು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿನ ಗುರುತಷ್ಟೇ ಅಲ್ಲಿತ್ತು. ಟೈಲರಕ್ಕನ ಕೈ ಅದರಲ್ಲಿ ಅಳತೆ ತೆಗೆದು ಹೊಲಿದಂತೆ ಕೂತಿತು. ನಾಲ್ಕು ದಿನ ಹಲಗೆ ಕೊಯ್ದ ಮೇಲೆ, ಅಂಗಡಿಯಲ್ಲಿ ರವಿಕೆಗೆ ಕಾಜಾ ಹೊಲಿಯುವಾಗ, ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ತಾವಾಗೇ ಮಡಚಿಕೊಂಡಿದ್ದನ್ನು ಕಂಡಳು. ಬಿಡಿಸಿದಳು. ದಾರ ಕಡಿಯುವಷ್ಟರಲ್ಲಿ ಮತ್ತೆ ಮಡಚಿಕೊಂಡವು. ತಮ್ಮನಿಗೆ ಹೇಳಿದರೆ ನಗುತ್ತಾನೆಂದು ಬಾಯಿ ಮುಚ್ಚಿಕೊಂಡಳು.

ಐದನೇ ದಿನ ನಡುಮಧ್ಯಾಹ್ನ ಕೊನೆಯ ಹಲಗೆ ಕೊಯ್ಯುತ್ತಿದ್ದಾಗ ಕರೆಂಟು ಹೋಯಿತು. ಹೊಲಿಗೆ ಯಂತ್ರದ ಸದ್ದು ನಿಂತಿತೆಂದರೆ ಕೈ ಸೂಜಿಯ ಕೆಳಗೆ ಹೋಗುವುದು ಮೂವತ್ತು ವರ್ಷದ ರೂಢಿ. ಅದೇ ರೂಢಿಯಲ್ಲಿ ಮಷಿನ್ನನ್ನು ತನ್ನತ್ತ ಎಳೆದುಕೊಂಡು, ಬ್ಲೇಡಿಗೆ ಸಿಕ್ಕಿದ್ದ ಸಿಬಿರು ತೆಗೆಯಲು ಎಡಗೈ ಹಾಕಿದಳು. ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ತಿರುಗತೊಡಗಿತು.

ಬ್ಲೇಡು ತಿರುಗಲಿಲ್ಲ. ಒತ್ತಿದ ಸ್ವಿಚ್ಚು ಒಳಗೇ ಸಿಕ್ಕಿಕೊಂಡಿತ್ತು, ಕರೆಂಟು ಹರಿದಿದ್ದರೆ ತಿರುಗಿಯೇ ಬಿಡುತ್ತಿತ್ತು. ಆದರೆ ಎಳೆದಾಗ ಎರಡು ಮೊಳದ ವೈರು ಸಾಲದೆ ಪಿನ್ನು ಕಿತ್ತುಬಂದು ನೆಲದ ಮೇಲೆ ಬಿದ್ದಿತ್ತು. ತಮ್ಮ ತಂದಿಟ್ಟ ಉದ್ದನೆಯ ಹೊಸ ವೈರು ಕಿಟಕಿಯಲ್ಲಿ ಸುರುಳಿಯಾಗಿ ಕೂತಿತ್ತು. ಸಂಜೆ ಬಂದು ಅದನ್ನೂ ಹೊಸ ಸ್ವಿಚ್ಚನ್ನೂ ಹಾಕಿಕೊಡುತ್ತೇನೆ ಎಂದಿದ್ದ.

ಕೈ ಹೊರಗೆ ತೆಗೆದಳು. ಎರಡು ಬೆರಳು ಮಡಚಿದ್ದವು. ಈ ಸಲ ಏನು ಮಾಡಿದರೂ ಬಿಚ್ಚಲಿಲ್ಲ. ಬಿಸಿನೀರು, ಎಣ್ಣೆ, ಡಾಕ್ಟರು ಎಲ್ಲ ಆಯಿತು. ಮೂಳೆ ಸರಿಯಿದೆ ಎಂದರು ಡಾಕ್ಟರು. ಬಟ್ಟೆ ಹಿಡಿಯಲಾಗದೆ ಅಂಗಡಿ ಮೂರು ದಿನ ಮುಚ್ಚಿತು. ಇನ್ನು ಹೊಲಿದ ಹಾಗೇ ಎಂದು ಅತ್ತಳು. ನಾಲ್ಕನೇ ದಿನ ಒಬ್ಬಳೇ ಬಡಗಿಯ ಮನೆಗೆ ಹೋದಳು.

ನಡೆದದ್ದನ್ನೆಲ್ಲ ಕೇಳಿಸಿಕೊಂಡು ಅವನ ಹೆಂಡತಿ ಅವಳ ಎಡಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. ನಮ್ಮವರು ಬ್ಲೇಡಿಗೆ ಕೈ ಹಾಕಿದ್ದಾಗಲೂ ಹೀಗೇ ಕರೆಂಟು ಹೋಗಿ ಬಂದಿತ್ತು, ಇದೇ ಎರಡು ಬೆರಳು ಹೋದವು ಎಂದಳು. ಆಸ್ಪತ್ರೆಯಿಂದ ಬಂದವನು ನೀರು ಕೂಡ ಕುಡಿಯದೆ ಮೊದಲು ವೈರು ಕತ್ತರಿಸಿದನಂತೆ. ಅಂದಿನಿಂದ ಪಿನ್ನು ಕಿತ್ತು ಹೆಗಲ ಮೇಲೆ ಹಾಕಿಕೊಳ್ಳದೆ ಬ್ಲೇಡು ಮುಟ್ಟಿದವನಲ್ಲವಂತೆ.

ಆಮೇಲೆ ಅವಳು ಮೂಲೆಯ ಖಾಲಿ ಸ್ಟೂಲಿನ ಕಡೆ ತಿರುಗಿದಳು.

“ಸಾಕು ಬಿಡ್ರೀ. ಅವ್ರಿಗೆ ಅರ್ಥ ಆಗಿದೆ. ಇನ್ನು ಅವ್ರ ಬೆರಳು ಅವ್ರಿಗಿರ್ಲಿ.”

ಯಾರೋ ಹಿಡಿದದ್ದನ್ನು ಸಡಿಲಿಸಿದ ಹಾಗೆ ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು ಬಿಚ್ಚಿಕೊಂಡವು. ಸ್ಟೂಲು ಕಿರ್ರೆಂದಿತು. ಟೈಲರಕ್ಕ ಅತ್ತ ನೋಡಲಿಲ್ಲ. ನೋಡುವ ಧೈರ್ಯವೂ ಅವಳಿಗಿರಲಿಲ್ಲ.

ಮೇಜು ಮುಗಿದು ಅಂಗಡಿ ಸೇರಿತು. ಸ್ವಿಚ್ಚು ಬದಲಾಯಿಸಿದ ತಮ್ಮ ವೈರಿನ ತಂಟೆಗೆ ಹೋಗಲಿಲ್ಲ. ಈಗಲೂ ಬ್ಲೇಡು ಮುಟ್ಟುವ ಮೊದಲು ಅವಳು ಪಿನ್ನು ಕಿತ್ತು ಹೆಗಲ ಮೇಲೆ ಹಾಕಿಕೊಳ್ಳುತ್ತಾಳೆ. ಎಂದಾದರೂ ಮರೆತರೆ, ಎಡಗೈಯ ಎರಡು ಬೆರಳು ಮೆಲ್ಲಗೆ ಮಡಚಿಕೊಳ್ಳುತ್ತವೆ.