ಆರು ಕೋಡಿನ ದೀಪ ಮತ್ತು ನಮ್ಮಕ್ಕ

ನಮ್ಮ ಭಾವನವರು ಬೀದಿದೀಪವನ್ನು ನಕ್ಷತ್ರ ಮಾಡಿದ ಮಹಾನುಭಾವರು. ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಹಗಲೆಲ್ಲ ಗಿರಾಕಿಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿಸಿ, ಫ್ಲ್ಯಾಶ್ ಹೊಡೆದು, ಮೊಡವೆ ಸಮೇತ ಮುಖ ತೆಗೆದುಕೊಡುತ್ತಿದ್ದರು. ಅದು ಹೊಟ್ಟೆಪಾಡು. ಸಂಜೆ ಬಾಗಿಲು ಹಾಕಿದ ಮೇಲೆ, ನಮ್ಮಕ್ಕನನ್ನು ಬೀದಿದೀಪದ ಕೆಳಗೆ ನಿಲ್ಲಿಸಿ, ಕಲೆ. ಗಿರಾಕಿಗೆ ಮುಖ, ಹೆಂಡತಿಗೆ ಕಲೆ.

ಕಲೆಯ ಗುಟ್ಟು ಇಷ್ಟೇ. ಲೆನ್ಸಿನ ಹೊಟ್ಟೆಯಲ್ಲಿ ಆರು ತೆಳು ತಗಡುಗಳಿವೆ. ಅವನ್ನು ಒಳಕ್ಕೆ ಸರಿಸಿ ನಡುವಿನ ಕಂಡಿಯನ್ನು ಕಿರಿದು ಮಾಡಿದರೆ, ನುಸುಳುವ ಬೆಳಕು ತಗಡಿನ ಅಂಚುಗಳಿಗೆ ತಾಗಿ ಹೊರಕ್ಕೆ ಚೆದರುತ್ತದೆ. ಆರು ಅಂಚು, ದೀಪಕ್ಕೆ ಆರು ಕೋಡು. ಆದರೆ ಅಂಥ ಕಂಡಿಯಲ್ಲಿ ಬೆಳಕು ಬರೀ ತೊಟ್ಟಿಕ್ಕುತ್ತದೆ. ಚಿತ್ರ ಮೂಡಲು ಬಹಳ ಹೊತ್ತು ಬೇಕು. ಕಂಬಕ್ಕೇನು, ನಿಲ್ಲುತ್ತದೆ. ಪಕ್ಕದಲ್ಲಿ ನಿಂತ ನಮ್ಮಕ್ಕ ಉಸಿರಾಡುವ ಪ್ರಾಣಿ.

“ಅಲ್ಲಾಡ್ಬೇಡ ಅಂದ್ನಲ್ಲೇ!”

“ಸೊಳ್ಳೆ ಕಚ್ತಿದೆ ರೀ. ಫ್ಲ್ಯಾಶ್ ಹಾಕಿ ಮುಗಿಸ್ಬಾರ್ದಾ?”

“ಫ್ಲ್ಯಾಶ್ ಹಾಕೋದು ಪೊಲೀಸ್ನೋರು. ಕಳ್ಳರ ಫೋಟೋಗೆ.”

“ಹಾಗಾದ್ರೆ ಈ ಕಂಬಾನೇ ಕಟ್ಕೋಬೇಕಿತ್ತು ನೀವು.”

ಭಾವ ಅದನ್ನು ಹೊಗಳಿಕೆ ಎಂದೇ ತಿಳಿದರು.

ಹೋದ ವರ್ಷ ಅಕ್ಕ ಜ್ವರ ಬಂದು ತೀರಿಕೊಂಡಳು. ಅವತ್ತೊಂದು ದಿನ ಭಾವ ಹೇಳಿದಷ್ಟು ಹೊತ್ತೂ ಅಲ್ಲಾಡದೆ ಮಲಗಿದ್ದಳು. ಕ್ಯಾಮೆರಾ ತರಲು ಅವರಿಗೂ ಧೈರ್ಯ ಬರಲಿಲ್ಲ.

ಗೋಡೆಗೆ ಅವಳದೊಂದು ಫೋಟೋ ಬೇಕಾಯಿತು. ಅರ್ಧ ಊರಿನ ಮುಖಗಳನ್ನು ಸೆರೆಹಿಡಿದ ಶೂರರು ಫೋಟೋಗಳ ಟ್ರಂಕು ಬಗ್ಗಿಸಿದರು. ಮಗಳು ಒಂದೊಂದನ್ನೇ ಎತ್ತಿ ನೋಡಿದಳು.

“ಇದ್ರಲ್ಲಿ ಅಮ್ಮ ಎಲ್ಲಪ್ಪಾ?”

“ಇಲ್ಲೇ ಕಣೇ, ಕಂಬದ ಎಡಕ್ಕೆ.”

“ಇದು ಹೊಗೆ.”

“ಹೊಗೆ ಅಲ್ಲ, ಅವಳೇ. ಸ್ವಲ್ಪ ಅಲ್ಲಾಡಿದಾಳೆ.”

ಎಲ್ಲದರಲ್ಲೂ ದೀಪ ಕಿರೀಟ ಧರಿಸಿ ಮೆರೆಯುತ್ತಿತ್ತು. ಬುಡದಲ್ಲಿ ಅಕ್ಕ ರಬ್ಬರಿನಿಂದ ಉಜ್ಜಿ ಅಳಿಸಿದ ಹಾಗಿದ್ದಳು.

ಕೊನೆಗೆ ಸಿಕ್ಕಿದ್ದು ಅವಳ ಬಸ್ ಪಾಸಿಗೆಂದು ತೆಗೆಸಿದ ಫೋಟೋದ ಉಳಿದ ಪ್ರತಿ. ಭಾವ ‘ನಾಳೆ ತೆಗೀತೀನಿ’ ಎನ್ನುತ್ತಲೇ ಇದ್ದುದರಿಂದ, ಅಕ್ಕ ಗುಟ್ಟಾಗಿ ಎದುರು ಸ್ಟುಡಿಯೋಗೆ, ಭಾವ ಕಣ್ಣೆತ್ತಿಯೂ ನೋಡದ ವೈರಿಯ ಬಳಿಗೆ, ಹೋಗಿ ಬಂದಿದ್ದಳು. ಭಾವ ಭೂತಗನ್ನಡಿ ಹಿಡಿದರು. ಎರಡು ಕಣ್ಣಲ್ಲೂ ಫ್ಲ್ಯಾಶಿನ ಚುಕ್ಕಿ, ದುಂಡಗೆ. ಒಂದು ಕೋಡೂ ಇಲ್ಲ.

“ಫ್ಲ್ಯಾಶ್ ಹೊಡೆದಿದಾನೆ, ಪೊಲೀಸ್ ನನ್ಮಗ.”

“ಅಮ್ಮ ಕಾಣಿಸ್ತಾಳಲ್ಲಪ್ಪಾ,” ಎಂದಳು ಮಗಳು.

ಅದನ್ನೇ ದೊಡ್ಡದು ಮಾಡಿಸಿ ಭಾವ ತಮ್ಮ ಸ್ಟುಡಿಯೋದ ಗೋಡೆಗೆ ಹಾಕಿದ್ದಾರೆ.

“ಏನ್ ಚೆನ್ನಾಗ್ ತೆಗೆದಿದೀರಾ ಸಾರ್!” ಎನ್ನುತ್ತಾರೆ ಗಿರಾಕಿಗಳು.

ಭಾವ ತಲೆ ಬಗ್ಗಿಸಿ ಸ್ಟೂಲು ಒರೆಸುತ್ತಾರೆ. ‘ನಾನಲ್ಲ’ ಎಂದು ಇದುವರೆಗೆ ಹೇಳಿಲ್ಲ.