ಎಲ್ಲಿಗೆ ಅಂತ ಕೇಳದ ಶನಿವಾರ

ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ನಮ್ಮ ಬೆಳಗಾವಿ ಕಡೆ ಇದು ಸಣ್ಣ ಕೂಸಿಗೂ ಗೊತ್ತು. ಕೇಳಿದರೆ ಹೊರಟ ಕೆಲಸ ಕೆಡುತ್ತದೆ. ಬಾಯಿ ತಪ್ಪಿ ಯಾರಾದರೂ ಕೇಳಿಯೇಬಿಟ್ಟರೆ, ಹೊರಟವನು ಚಪ್ಪಲಿ ಬಿಟ್ಟು ಒಳಗೆ ಬರಬೇಕು, ಕೂತು ಒಂದು ಗುಟುಕು ನೀರು ಕುಡಿಯಬೇಕು, ಆಮೇಲೆ ಮತ್ತೆ ಎದ್ದು ಹೋಗಬೇಕು. ತಿಳಿಯಲೇಬೇಕಿದ್ದರೆ ‘ದೂರ ಏನ್ರಿ?’ ಎನ್ನಬಹುದು. ಹೊರಟವನು ‘ಇಲ್ಲೇ’ ಅನ್ನುತ್ತಾನೆ. ಕಾಶಿಗೆ ಹೊರಟವನೂ ‘ಇಲ್ಲೇ’ ಅನ್ನುತ್ತಾನೆ.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಸಾಲುಮನೆಯೊಂದರ ಕೆಳಗಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗೆ ಇದ್ದೆವು. ಅವಳು ಲಂಡನ್ನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎಂಟು ತಿಂಗಳ ಬಸುರಿ. ಇಂಗ್ಲಿಷ್ ಅಂದರೆ ಅವಳಿಗೆ ಹೆದರಿಕೆ. ನನಗೂ ಅಷ್ಟೇನೂ ಬರುತ್ತಿರಲಿಲ್ಲ. ನಾನು ಹತ್ತನೆಯ ತರಗತಿ ಪಾಸಾದದ್ದೇ ಇಪ್ಪತ್ತಾರನೆಯ ವಯಸ್ಸಿಗೆ, ಊರಿನಲ್ಲಿ. ಇಲ್ಲಿ ಅಕ್ಸ್‌ಬ್ರಿಡ್ಜ್‌ನ ಇಂಗ್ಲಿಷ್ ಸಂಜೆ ತರಗತಿಗೆ ಹೋಗಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ.

ಕೆಲಸ ಗೋದಾಮಿನಲ್ಲಿ. ಆ ಕೆಲಸ ಕೊಡಿಸಿದವರು ಉಡುಪಿ ಕಡೆಯ ಒಬ್ಬರು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣಾರ ಎಂದು ಕರೆಯುತ್ತಿದ್ದೆ. ಫುಟ್‌ಬಾಲ್ ಹುಚ್ಚು ಹಚ್ಚಿದವರೂ ಅವರೇ. ಟಿ.ವಿ.ಯಲ್ಲಿ ಬರುವ ದೊಡ್ಡ ತಂಡಗಳಲ್ಲ. ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸಣ್ಣ ಮೈದಾನವಿತ್ತು, ಸುತ್ತ ತಗಡಿನ ಬೇಲಿ. ಅಲ್ಲಿನ ತಂಡ ದೊಡ್ಡ ಲೀಗುಗಳ ಲೆಕ್ಕಕ್ಕೇ ಬರುವಂಥದ್ದಲ್ಲ. ಗೋಲು ಕಾಯುವವನು ಪೋಸ್ಟ್‌ಮನ್, ಕ್ಯಾಪ್ಟನ್ ಗೋಡೆಗೆ ಗಾರೆ ಹಚ್ಚುವವನು. ಆಟ ನೋಡಲು ಇನ್ನೂರು ಜನ ಬಂದರೆ ಜಾತ್ರೆ. ಶನಿವಾರ ಬೆಳಿಗ್ಗೆಯೇ ನಾವಿಬ್ಬರೂ ಅಲ್ಲಿಗೆ ಹೋಗಿ ಮೆಟ್ಟಿಲು ಗುಡಿಸುವುದು, ಗೋಲಿನ ಬಲೆ ಕಟ್ಟುವುದು, ಮೈದಾನ ನೋಡಿಕೊಳ್ಳುವ ಮುದುಕನ ಜೊತೆ ಚಹಾ ಕುಡಿಯುವುದು ರೂಢಿಯಾಗಿತ್ತು. ಹೆಂಡತಿಗೆ ಆ ಮೈದಾನದ ದಾರಿ ಗೊತ್ತಿತ್ತು. ‘ಏನರ ಆದ್ರ ಅಲ್ಲಿಗೆ ಬಾ, ಇಲ್ಲಾ ಯಾರ ಕೂಡಾರ ಹೇಳಿ ಕಳಸು, ಓಡಿ ಬರ್ತೀನಿ’ ಎಂದು ನಾನೇ ಹೇಳಿಕೊಟ್ಟಿದ್ದೆ.

ಆ ವರ್ಷ ನಮ್ಮ ತಂಡ ಒಂದು ಕಪ್ಪಿನ ಸ್ಪರ್ಧೆಯಲ್ಲಿ ಹಿಂದೆಂದೂ ಹೋಗದಷ್ಟು ಮುಂದೆ ಹೋಯಿತು. ಮುಂದಿನ ಆಟ ಉತ್ತರದ ಕಡಲ ದಂಡೆಯ ಒಂದು ಊರಿನಲ್ಲಿ. ಎರಡು ಕಡೆ ಗಾಡಿ ಬದಲಿಸಿ ಸುಮಾರು ನಾಲ್ಕು ಗಂಟೆಯ ದಾರಿ. ಅಣ್ಣಾರು ನನ್ನನ್ನು ಕೇಳದೆಯೇ ನನ್ನದೂ ಟಿಕೆಟ್ ತೆಗೆಸಿದ್ದರು.

ಅದೇ ವಾರ ಊರಿನಿಂದ ಅವ್ವ ಫೋನ್ ಮಾಡಿದ್ದಳು. ನಾನೇನೂ ಹೇಳಿರಲಿಲ್ಲ, ಆದರೂ ಅವಳು ಅಂದಳು: “ಬಸರ ಹೆಂಡ್ತೀನ ಬಿಟ್ಟು ಗಂಡ ಊರ ಸೀಮಿ ದಾಟಬಾರದು ನೋಡಪಾ. ಅಲ್ಲಿ ಇದನ್ನೆಲ್ಲಾ ಹೇಳವ್ರು ಯಾರೂ ಇಲ್ಲ, ಅದಕ್ಕ ಹೇಳಾಕತ್ತೀನಿ.”

“ಲಂಡನ್ನಿಗೆ ಸೀಮಿ ಎಲ್ಲೈತಿ ಬೇ” ಎಂದು ನಗೆಯಾಡಿದೆ. ಅವಳು ನಗಲಿಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಕದ ತೆಗೆದರೆ ಎದುರಿನ ಮನೆ ಇರಲಿಲ್ಲ. ಅಂಥ ಮಂಜು. ಬೀದಿ ದೀಪ ಹಳದಿ ಕಲೆಯ ಹಾಗೆ ಕಾಣುತ್ತಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲ ತನಕ ಬಂದಳು.

“ದೂರ ಏನ್ರಿ?”

“ಇಲ್ಲೇ.”

“ಲಗೂ ಬರ್ರಿ. ಯಾಕೋ ನಡಾ ಭಾಳ ನೋಯಾಕತ್ತೈತಿ.”

ಹೇಳಬೇಕಿತ್ತು. ಹೇಳಿದರೆ ಬೇಡ ಅನ್ನುತ್ತಾಳೆ, ಅಣ್ಣಾರಿಗೆ ಏನು ಹೇಳಲಿ ಅನ್ನುವ ಯೋಚನೆ. ನರ್ಸು ಇನ್ನೂ ಐದು ವಾರ ಇದೆ ಅಂದಿದ್ದಳು. ನೀಲಿ ಉಣ್ಣೆ ಟೋಪಿ ಹಾಕಿಕೊಂಡು ಹೊರಟೆ. ತಿರುಗಿ ನೋಡಿದಾಗ ಬಾಗಿಲೂ ಕಾಣಲಿಲ್ಲ, ಅವಳೂ ಕಾಣಲಿಲ್ಲ.

ಕಿಂಗ್ಸ್ ಕ್ರಾಸ್‌ನಿಂದ ಹೊರಟ ಗಾಡಿ ಒಂದು ಗಂಟೆಯ ನಂತರ ಎಲ್ಲೋ ಹೊಲದ ನಡುವೆ ನಿಂತಿತು. ಯಾಕೆ ನಿಂತಿದೆ ಎಂದು ಯಾರೂ ಹೇಳಲಿಲ್ಲ. ಕಿಟಕಿಯ ಆಚೆ ಬೇಲಿಯ ಒಂದು ಗೂಟ ಮಾತ್ರ ಕಾಣುತ್ತಿತ್ತು, ಅದರ ಆಚೆ ಏನೂ ಇಲ್ಲ. ನಲವತ್ತು ನಿಮಿಷ ಆ ಗೂಟವನ್ನೇ ನೋಡಿದೆ. ಅಣ್ಣಾರು ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು.

“ಎಂತ ಮಾರಾಯ, ಮುಖ ಹೀಗೆ ಮಾಡಿದ್ದೀ? ಆಟ ನೋಡ್ಲಿಕ್ಕೆ ಹೋಗುದಾ, ಮರಣದ ಮನೆಗೆ ಹೋಗುದಾ?”

“ಮನ್ಯಾಗ ಹೇಳಿ ಬಂದಿಲ್ಲರಿ ಅಣ್ಣಾರ.”

ಅವರು ಬ್ರೆಡ್ಡು ಕಚ್ಚುವುದನ್ನು ನಿಲ್ಲಿಸಿದರು. “ಎಲ್ಲಿಗೆ ಅಂತ ಕೇಳ್ಲಿಲ್ವಾ ಅವಳು?”

“ಹಂಗ ಕೇಳಬಾರದರಿ.”

“ನಿಮ್ಮದು ಒಳ್ಳೆ ಕಥೆ. ನನ್ನ ಹೆಂಡತಿಯಾದ್ರೆ ಎಲ್ಲಿಗೆ, ಯಾರೊಟ್ಟಿಗೆ, ಎಷ್ಟೊತ್ತಿಗೆ ಅಂತ ಪೋಲೀಸರ ಹಾಗೆ ಕೇಳ್ತಾಳೆ.” ಆಮೇಲೆ ನನ್ನ ಮುಖ ನೋಡಿ, “ಇಳಿದ ಕೂಡ್ಲೇ ಫೋನ್ ಮಾಡು. ಎಂತ ಆಗುದಿಲ್ಲ” ಅಂದರು.

ಮೊದಲ ಬದಲಾವಣೆಯ ಸ್ಟೇಷನ್ನಿನಲ್ಲಿ ಇಳಿದಾಗ ಹನ್ನೊಂದೂವರೆ ದಾಟಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಫೋನ್ ಬೂತು. ನಾಣ್ಯ ಹಾಕಿ ಮನೆಯ ನಂಬರು ಒತ್ತಿದೆ. ರಿಂಗಾಯಿತು. ನಮ್ಮ ಫೋನು ಹಾಸಿಗೆಯಿಂದ ನಾಲ್ಕು ಹೆಜ್ಜೆ, ಅಡಿಗೆ ಒಲೆಯಿಂದ ಆರು. ಹೊಟ್ಟೆ ಹೊತ್ತವಳು ಎದ್ದು ಬರಲು ಎಷ್ಟು ಹೊತ್ತು ಬೇಕು ಎಂದು ಮನಸ್ಸಿನಲ್ಲೇ ಅವಳನ್ನು ನಡೆಸಿದೆ. ಎರಡು ಸಲ ನಡೆಸಿದೆ. ಯಾರೂ ಎತ್ತಲಿಲ್ಲ.

“ಕೊತ್ತಂಬರಿ ತರ್ಲಿಕ್ಕೆ ಹೋಗಿರ್ಬೇಕು” ಅಂದರು ಅಣ್ಣಾರು.

ಎರಡನೆಯ ಸ್ಟೇಷನ್ನಿನಲ್ಲಿ ಮತ್ತೆ ಮಾಡಿದೆ. ಎತ್ತಲಿಲ್ಲ. ಆಗ ಅವರು ಕೊತ್ತಂಬರಿಯ ಮಾತು ಎತ್ತಲಿಲ್ಲ. ಅಲ್ಲಿಂದಲೇ ತಿರುಗಿ ಹೋಗೋಣ ಎಂದೆ. ಅಣ್ಣಾರು ಗೋಡೆಯ ಮೇಲಿನ ಪಟ್ಟಿ ನೋಡಿ ಬಂದು, ಲಂಡನ್ ಕಡೆಯ ಗಾಡಿ ಇನ್ನು ಎರಡು ಗಂಟೆ ಇಲ್ಲ, ಮಂಜಿಗೆ ಒಂದು ಗಾಡಿ ರದ್ದಾಗಿದೆ ಎಂದರು. ಮುಂದಕ್ಕೆ ಹೋಗುವ ಗಾಡಿ ಎದುರಿಗೇ ನಿಂತಿತ್ತು. ಹತ್ತಿದೆವು. ಆ ಎರಡು ಗಂಟೆ ಅಲ್ಲೇ ಕೂತು ಕಾಯಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಕಡಲ ಊರು ಬಂತು, ಕಡಲು ಕಾಣಲಿಲ್ಲ. ಉಪ್ಪಿನ ವಾಸನೆ, ಎಲ್ಲೋ ಹಡಗಿನ ಕೊಂಬಿನ ಸದ್ದು. ಮೈದಾನದ ಬಾಗಿಲ ಬಳಿಯ ಬೂತಿನಿಂದ ಮೂರನೆಯ ಸಲ ಫೋನ್ ಮಾಡಿದೆ. ಈ ಸಲ ರಿಂಗಾಗಲಿಲ್ಲ. ಎಂಗೇಜ್ ಇದ್ದ ಸದ್ದು. ನನಗೆ ಜೀವ ಬಂದಂತಾಯಿತು.

“ಯಾರ ಕೂಡನೋ ಮಾತಾಡಾಕತ್ತಾಳರಿ ಅಣ್ಣಾರ!”

“ನಾನು ಹೇಳ್ಲಿಲ್ವಾ? ನೀವು ಬಯಲುಸೀಮೆಯವ್ರು ಮಂಜು ಕಂಡ್ರೆ ಭೂತ ಕಂಡ ಹಾಗೆ ಮಾಡ್ತೀರಿ” ಎಂದು ಅವರು ನನ್ನ ಬೆನ್ನಿಗೆ ಗುದ್ದಿದರು.

ಆ ಸಮಾಧಾನದಲ್ಲಿ ನಾನು ಆಟ ನೋಡಿದೆ, ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಬಿಸಿ ಕಡುಬಿನಂಥ ಮಾಂಸದ ಪೈ ತಿಂದೆ, ಕೂಗಿದೆ ಕೂಡ. ಹತ್ತಿರದ ಗೋಲು ಮಬ್ಬಾಗಿ ಕಾಣುತ್ತಿತ್ತು, ದೂರದ್ದು ಇಲ್ಲವೇ ಇಲ್ಲ. ಚೆಂಡು ಆ ಕಡೆ ಹೋದರೆ ಆಟಗಾರರು ಒಬ್ಬೊಬ್ಬರಾಗಿ ಮಂಜಿನೊಳಗೆ ಹೋಗಿ ಇಲ್ಲವಾಗುತ್ತಿದ್ದರು. ನಾವು ಕಿವಿಯಿಂದ ಆಟ ನೋಡಿದೆವು. ಒಮ್ಮೆ ಆ ಕಡೆಯವರು ಹೋ ಎಂದರು. ಗೋಲಾಯಿತೇ, ತಪ್ಪಿತೇ ತಿಳಿಯಲು ನಮಗೆ ಎರಡು ನಿಮಿಷ ಬೇಕಾಯಿತು. ನಮ್ಮ ಪೋಸ್ಟ್‌ಮನ್ ತಲೆ ತಗ್ಗಿಸಿ ಮಂಜಿನಿಂದ ಹೊರಗೆ ನಡೆದು ಬಂದಾಗ ಗೊತ್ತಾಯಿತು. ಅರ್ಧ ಆಟ ಕಳೆದು ಹತ್ತು ನಿಮಿಷಕ್ಕೆ ರೆಫ್ರಿ ಸೀಟಿ ಊದಿ, ಎರಡೂ ಕೈ ಅಡ್ಡ ಬೀಸಿದ. ಆಟ ರದ್ದು. ಇನ್ನೊಂದು ದಿನ ಮೊದಲಿನಿಂದ ಆಡಬೇಕು. ಬಂದ ದಾರಿಯೆಲ್ಲ ಸುಮ್ಮನೆ.

ಬೂತಿಗೆ ಓಡಿದೆ. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಹೊರಗೆ ನಿಂತಿದ್ದ ಅಣ್ಣಾರು ಗಾಜಿನ ಮೂಲಕ ನನ್ನನ್ನು ನೋಡುತ್ತಿದ್ದರು. ನಾನು ಫೋನ್ ಇಟ್ಟಾಗ ಅವರು ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ಚರ್ಚಿನ ಹೊರಗೆ ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಿರುಗಿ ಬರುವ ದಾರಿ ಹೇಗೆ ಕಳೆಯಿತೋ. ಕಿಟಕಿಯ ಗಾಜು ಕಪ್ಪಾಗಿತ್ತು, ಅದರಲ್ಲಿ ನನ್ನ ಮುಖ. ಅವ್ವನ ಮಾತು ತಿರುಗಿ ತಿರುಗಿ ಕೇಳಿಸುತ್ತಿತ್ತು. ಅಣ್ಣಾರು ಜಪಸರ ಹಿಡಿದು ತುಟಿ ಅಲ್ಲಾಡಿಸುತ್ತಾ ಕೂತಿದ್ದರು.

ಮನೆ ಮುಟ್ಟಿದಾಗ ಒಂಬತ್ತು ದಾಟಿತ್ತು. ಒಳಗೆ ದೀಪ ಇರಲಿಲ್ಲ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು, ನಮ್ಮ ತಂಡದ ಹಳೆಯ ಆಟದ ಪುಸ್ತಿಕೆಯಿಂದ ಹರಿದದ್ದು. ದಪ್ಪ ಇಂಗ್ಲಿಷ್ ಅಕ್ಷರ. ಬೀದಿ ದೀಪದ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸತೊಡಗಿದೆ. ಅಣ್ಣಾರು ನನ್ನ ಭುಜದ ಹಿಂದಿನಿಂದ ಅಷ್ಟರಲ್ಲೇ ಓದಿಬಿಟ್ಟಿದ್ದರು. ಅವರು ನನ್ನ ತೋಳು ಹಿಡಿದರು. ನಾನಿನ್ನೂ ಮೊದಲ ಶಬ್ದದಲ್ಲೇ ಇದ್ದೆ. ಹೆಂಡತಿ. ಆಸ್ಪತ್ರೆಯಲ್ಲಿ. ಕೂಡಲೇ ಬಾ.

ನಡೆದದ್ದು ಆಮೇಲೆ ತಿಳಿಯಿತು. ಹತ್ತೂವರೆಗೆ ಅವಳಿಗೆ ನೋವು ಶುರುವಾಗಿ, ರಕ್ತ ಕಂಡಿತಂತೆ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಇಂಗ್ಲಿಷಿನಲ್ಲಿ ಕೇಳುತ್ತಾರೆ ಎಂಬ ಹೆದರಿಕೆ. ಗಂಡ ಹತ್ತು ನಿಮಿಷದ ದಾರಿಯಲ್ಲಿ ಇದ್ದಾನಲ್ಲ ಎಂಬ ಧೈರ್ಯ. ಶಾಲು ಹೊದ್ದು, ಮಂಜಿನಲ್ಲಿ ಬೇಲಿಗಳನ್ನು ಮುಟ್ಟುತ್ತಾ ಮುಟ್ಟುತ್ತಾ ಮೈದಾನಕ್ಕೆ ನಡೆದಿದ್ದಾಳೆ. ಬಾಗಿಲು ಹಾಕಿತ್ತು. ತಗಡನ್ನು ಕೈಯಿಂದ ಬಡಿದಿದ್ದಾಳೆ, ಎರಡು ಹಸಿರು ಬಳೆ ಒಡೆಯುವ ತನಕ. ತಂಡ ಪರ ಊರಿಗೆ ಹೋದ ದಿನವೂ ನೀರು ಇಂಗಲೆಂದು ಹುಲ್ಲಿಗೆ ಮುಳ್ಳುಗೋಲು ಚುಚ್ಚಲು ಬರುತ್ತಿದ್ದ ಮೈದಾನದ ಮುದುಕನಿಗೆ ಸದ್ದು ಕೇಳಿತು.

ಯಾರು ಬೇಕು ಎಂದು ಅವನು ಕೇಳಿದ. ಗಂಡ, ಎಂದಳು. ಹೆಸರೇನು ಎಂದ. ಗಂಡನ ಹೆಸರು ಅವಳು ಎಂದೂ ಹೇಳಿದವಳಲ್ಲ, ಆಗಲೂ ಬಾಯಿಗೆ ಬರಲಿಲ್ಲ. ಎರಡೂ ಕೈ ತಲೆಯ ಮೇಲಿಟ್ಟು ಟೋಪಿ ಎಳೆದುಕೊಂಡ ಹಾಗೆ ಮಾಡಿ, ಬೇಲಿಯ ನೀಲಿ ಬಣ್ಣ ತೋರಿಸಿದಳಂತೆ. ಅವನಿಗೆ ತಿಳಿಯಿತು. ಅವರು ಇಲ್ಲಿಲ್ಲಮ್ಮ, ಉತ್ತರಕ್ಕೆ ಹೋದರಲ್ಲ, ರೈಲಿನಲ್ಲಿ, ಬಹಳ ದೂರ, ಎಂದ. ಇಂಗ್ಲಿಷ್ ಬಾರದವಳಿಗೆ ‘ಬಹಳ ದೂರ’ ಎಂಬ ಆ ಒಂದು ಮಾತು ಸರಿಯಾಗಿ ತಿಳಿಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಕ್ಲಬ್ಬಿನ ಫೋನಿನಿಂದ ಆಂಬುಲೆನ್ಸ್ ಕರೆದವನು, ಜೊತೆಗೆ ಹೋದವನು, ಸಂಜೆ ಬಾಗಿಲಿಗೆ ಚೀಟಿ ಅಂಟಿಸಿದವನು, ಎಲ್ಲಾ ಆ ಮುದುಕನೇ.

ಎಂಗೇಜ್ ಸದ್ದಿನ ಗುಟ್ಟೂ ತಿಳಿಯಿತು. ಅದೇ ಹೊತ್ತಿಗೆ ಊರಿನಿಂದ ನನ್ನ ಅತ್ತೆ ಫೋನ್ ಮಾಡುತ್ತಿದ್ದಳು. ಖಾಲಿ ಮನೆಗೆ ನಾವಿಬ್ಬರೂ ಒಟ್ಟಿಗೆ ರಿಂಗ್ ಮಾಡುತ್ತಿದ್ದೆವು. ನಾನು ಆ ಕಡೆ ಪೈ ತಿಂದೆ.

ಆಪರೇಷನ್ ಮಾಡಿ ಮಗುವನ್ನು ತೆಗೆದಿದ್ದರು. ಗಾಜಿನ ಪೆಟ್ಟಿಗೆಯಲ್ಲಿ, ನನ್ನ ಬೊಗಸೆಯಷ್ಟು ಒಂದು ಹೆಣ್ಣು. ಇನ್ನರ್ಧ ಗಂಟೆ ತಡವಾಗಿದ್ದರೆ ಇಬ್ಬರನ್ನೂ ನಾನು ನೋಡುತ್ತಿರಲಿಲ್ಲ ಎಂದು ಡಾಕ್ಟರು ಅಣ್ಣಾರಿಗೆ ಹೇಳಿದರು, ಅವರು ನನಗೆ ಹೇಳಿದರು. ಮಗು ಬದುಕುತ್ತದೆಯೋ ಇಲ್ಲವೋ ಒಂಬತ್ತು ದಿನ ಯಾರೂ ಹೇಳಲಿಲ್ಲ. ಆ ನಡುವೆ ಉತ್ತರದ ಊರಿನಲ್ಲಿ ಆಟ ಮತ್ತೆ ಆಡಿದರು. ಅಣ್ಣಾರೂ ಹೋಗಲಿಲ್ಲ. ನಮ್ಮವರು ಸೋತರು.

ಹೆಂಡತಿ ಬೈಯಲಿಲ್ಲ. ಅಳಲೂ ಇಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು, ತಿರುಗಿ ಬಂದವರನ್ನು ಕೇಳಲು ನಮ್ಮಲ್ಲಿ ಅಡ್ಡಿ ಇಲ್ಲ. ಅವಳು ಅದನ್ನೂ ಕೇಳಲಿಲ್ಲ. ಆ ಮಾತಿಗಾಗಿ ನಾನು ಮಂಚದ ಪಕ್ಕ ದಿನಗಟ್ಟಲೆ ಕಾದು ಕೂತಿದ್ದೆ.

ತಿಂಗಳ ಮೇಲೆ ತಾಯಿ ಮಗಳು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಹಾಲು ಮುಗಿದಿತ್ತು. ಬೂಟು ಹಾಕಿ ಬಾಗಿಲ ಚಿಲಕಕ್ಕೆ ಕೈಯಿಟ್ಟೆ.

“ಎಲ್ಲಿಗೆ ಹೊಂಟ್ರಿ?”

ಬಾಯಿ ತಪ್ಪಿ ಬಂದ ಮಾತಲ್ಲ. ಮಗುವನ್ನು ಎದೆಗೆ ಹಿಡಿದುಕೊಂಡು, ನನ್ನನ್ನೇ ನೋಡುತ್ತಾ ಕೇಳಿದಳು. ನಾನು ಬೂಟು ಬಿಚ್ಚಿದೆ. ಒಳಗೆ ಬಂದು ಕುರ್ಚಿಯ ಮೇಲೆ ಕೂತೆ. ಅವಳು ಒಂದು ಕೈಯಲ್ಲಿ ನೀರಿನ ಲೋಟ ತಂದು ಮುಂದೆ ಹಿಡಿದಳು. ಕುಡಿದೆ.

“ಓಣಿ ಮೂಲ್ಯಾಗಿನ ಅಂಗಡಿಗೆ. ಹಾಲು ತರಾಕ.”

“ಎಷ್ಟೊತ್ತು?”

“ಹತ್ತು ನಿಮಿಷ.”

“ಹೂಂ. ಹೋಗಿ ಬರ್ರಿ.”

ಆವತ್ತಿನಿಂದ ಒಂದು ದಿನವೂ ಅವಳು ಕೇಳದೆ ಬಿಟ್ಟಿಲ್ಲ. ಕೆಲಸಕ್ಕೆ ಹೊರಟರೂ ಕೇಳುತ್ತಾಳೆ, ಕಸ ಹಾಕಲು ಹೊರಟರೂ ಕೇಳುತ್ತಾಳೆ. ನಾನು ಬೂಟು ಬಿಚ್ಚಿ, ಕೂತು, ನೀರು ಕುಡಿದು, ಊರು ಬೀದಿ ಹೊತ್ತು ಎಲ್ಲಾ ಹೇಳಿ ಹೋಗುತ್ತೇನೆ. ಒಮ್ಮೆ ಅವ್ವ ಊರಿನಿಂದ ಬಂದಿದ್ದಾಗ ಇದನ್ನು ನೋಡಿ ಹೌಹಾರಿ, “ಹಂಗ ಕೇಳಬಾರದು ತಂಗಿ” ಅಂದಳು. ಹೆಂಡತಿ ಲೋಟ ನನ್ನ ಕೈಗಿಟ್ಟು, ಉತ್ತರಕ್ಕೆ ಕಾಯುತ್ತಾ ಅಲ್ಲೇ ನಿಂತಳು.