ತಂಪು ಕೋಣೆಯ ಪಾಳಿ

ಭಾಂಡುಪ್‌ನಲ್ಲಿ ಮುಚ್ಚಿಹೋಗಿದ್ದ ಕಾರ್ಖಾನೆಯೊಂದರ ಗೋಡೆಗೆ ಬಿಳಿ ಬಣ್ಣ ಬಳಿದು, ಈಗ ಅಲ್ಲಿ ತರಕಾರಿ ಹೆಚ್ಚುತ್ತಾರೆ. ಲಾರಿಯಲ್ಲಿ ಬಂದಿಳಿದ ಕ್ಯಾರೆಟ್, ಕಲ್ಲಂಗಡಿ, ದಾಳಿಂಬೆಗಳೆಲ್ಲ ತೊಳೆಸಿಕೊಂಡು, ಸುಲಿಸಿಕೊಂಡು, ಡಬ್ಬಿ ಸೇರಿ, ಮೊಬೈಲಿನಲ್ಲಿ ತರಿಸಿಕೊಳ್ಳುವವರ ಮನೆಗಳಿಗೆ ಹೋಗುತ್ತವೆ. ಕೆಲಸ ಮಾಡುವವರು ಹೆಚ್ಚುಕಡಿಮೆ ಹೆಂಗಸರೇ. ಅವರ ಮೇಲೆ ಸೂಪರ್‌ವೈಸರ್ ಆಗಿದ್ದವಳು ಶೀಲಾವತಿ.

ಶೀಲಾವತಿ ಬೆಳ್ಮಣ್ಣಿನ ಕಡೆಯವಳು. ಮದುವೆಯಾಗಿ ಕುರ್ಲಾದ ಚಾಳಿನ ಒಂಟಿ ಕೋಣೆಗೆ ಬಂದಾಗ ಗಂಡ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ. ಅವನು ತೀರಿಹೋದ ಮೇಲೆ ಅದೇ ಹೋಟೆಲಿನ ಹಿಂಬದಿಯಲ್ಲಿ ಕುಳಿತು ಈರುಳ್ಳಿ ಹೆಚ್ಚಿ ಮಗಳು ಯಕ್ಷಿತಾಳನ್ನು ಓದಿಸಿದಳು. ಭಾಂಡುಪ್‌ನಲ್ಲಿ ಈ ಶೆಡ್ಡು ಶುರುವಾದಾಗ ಕೈಯ ಚುರುಕು ನೋಡಿ ಸೇರಿಸಿಕೊಂಡರು; ಬಾಯಿಯ ಜೋರು ನೋಡಿ ಸೂಪರ್‌ವೈಸರ್ ಮಾಡಿದರು. ಮಗಳಿಗೀಗ ಗೋರೆಗಾಂವ್‌ನ ಆಫೀಸಿನಲ್ಲಿ ಕೆಲಸ. "ಅಮ್ಮ, ಬಸ್ ಕರೋ, ದುಡಿದದ್ದು ಸಾಕು, ಮನೆಯಲ್ಲಿ ಇರು" ಎಂದು ಅವಳು ಅನ್ನುವುದುಂಟು. ಶೀಲಾವತಿ ಕೇಳುವವಳಲ್ಲ. ನಾಲ್ಕು ಜನ ತನ್ನ ಮಾತು ಕೇಳುವ ಜಾಗವನ್ನು ಬಿಟ್ಟು ಮನೆಯಲ್ಲಿ ಕೂರುವುದು ಅವಳಿಗೆ ಆಗದ ಮಾತು.

ಶೆಡ್ಡಿನ ಕೊನೆಗೆ ತಂಪು ಕೋಣೆ. ಹೆಚ್ಚಿದ ಹಣ್ಣನ್ನು ಡಬ್ಬಿಗೆ ತುಂಬುವುದು ಅಲ್ಲಿಯೇ. ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ಹೊರಬಂದು ಇನ್ನೊಬ್ಬರು ಹೋಗಬೇಕೆಂಬುದು ನಿಯಮ. ಈ ಪಾಳಿ ನೋಡಿಕೊಳ್ಳುವುದು ಶೀಲಾವತಿಯ ಕೆಲಸ, ಅವಳ ದಿನನಿತ್ಯದ ತಲೆನೋವೂ ಹೌದು. ಒಬ್ಬಳಿಗೆ ಮೊಣಕಾಲು ನೋವು, ಇನ್ನೊಬ್ಬಳಿಗೆ ಕೆಮ್ಮು, ಮತ್ತೊಬ್ಬಳು ನಿನ್ನೆ ತಾನೇ ಹೋಗಿದ್ದೆ ಎಂದು ಜಗಳಕ್ಕೇ ನಿಲ್ಲುವಳು.

ಆಗ ಬಂದವಳು ನೀಲಾಬಾಯಿ. ಇಂಡಿ ಕಡೆಯವಳು, ಗಂಡ ಶೆಟ್ಟೆಪ್ಪ ಗಾರೆ ಕೆಲಸದವನು. ಶೀಲಾವತಿಯ ಪಕ್ಕದ ಗಲ್ಲಿಯಲ್ಲೇ ಮನೆ. ನಲ್ಲಿಯ ಹತ್ತಿರ ಕನ್ನಡ ಕಿವಿಗೆ ಬಿದ್ದು ಪರಿಚಯವಾಗಿ, ಶೀಲಾವತಿಯೇ ಅವಳನ್ನು ಕೆಲಸಕ್ಕೆ ಸೇರಿಸಿದಳು. ನೀಲಾಬಾಯಿಗೆ ಹಿಂದಿ ಅಷ್ಟಕ್ಕಷ್ಟೆ. ಶೆಡ್ಡಿನಲ್ಲಿ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದುದು ಶೀಲಾವತಿಯ ಜೊತೆ ಮಾತ್ರ. ಊಟಕ್ಕೂ ಇಬ್ಬರೂ ಒಟ್ಟಿಗೇ ಕೂರುವರು.

ಒಂದು ದಿನ ಪಾಳಿಯ ಜಗಳ ಜೋರಾದಾಗ ಶೀಲಾವತಿ ಅವಳ ಹತ್ತಿರ ಬಂದು ಕನ್ನಡದಲ್ಲಿ ಕೇಳಿದಳು. "ನೀಲಾ, ಇವತ್ತು ಇನ್ನೊಂದು ಸಲ ನೀನೇ ಹೋಗ್ತೀಯಾ ಮಾರಾಯ್ತಿ? ಇವರ ಬಾಯಿ ಕೇಳಿ ಸಾಕಾಯ್ತು ನಂಗೆ."

"ಹೋಗ್ತೀನಿ ತಗೋರಿ ಅಕ್ಕಾರ, ಅದರಾಗೇನೈತಿ" ಎಂದು ನೀಲಾಬಾಯಿ ಎದ್ದಳು.

ಶೆಡ್ಡು ತಣ್ಣಗಾಯಿತು. ಮರುದಿನವೂ ಹಾಗೇ ಆಯಿತು. ಆಮೇಲಾಮೇಲೆ ಕೇಳುವುದೂ ನಿಂತಿತು. ಶೀಲಾವತಿ ಕಣ್ಣಲ್ಲಿ ಸನ್ನೆ ಮಾಡಿದರೆ ಸಾಕು, ನೀಲಾಬಾಯಿ ಎಲ್ಲರೂ ತೊಟ್ಟು ಒದ್ದೆಯಾದ ಜಾಕೆಟ್ ಹಾಕಿಕೊಂಡು ಒಳಗೆ ಹೋಗುವಳು. ಊಟದ ಹೊತ್ತಿಗೆ ಅವಳು ಬೆರಳು ಉಜ್ಜಿಕೊಳ್ಳುತ್ತಿದ್ದುದನ್ನು ಶೀಲಾವತಿ ಕಂಡಿದ್ದಳು. ಕಂಡು, ತನ್ನ ಡಬ್ಬಿಯ ಬಿಸಿ ಸಾರನ್ನು ಅವಳ ಅನ್ನಕ್ಕೆ ಸುರಿದಿದ್ದಳು. ಅಷ್ಟಕ್ಕೆ ಲೆಕ್ಕ ಚುಕ್ತಾ ಆಯಿತೆಂದು ಅವಳ ಮನಸ್ಸು ಸಮಾಧಾನ ಮಾಡಿಕೊಂಡಿತ್ತು.

ನವರಾತ್ರಿ ಬಂತು. ಉಪವಾಸದವರಿಗೆಲ್ಲ ಹಣ್ಣೇ ಬೇಕು. ನೀಲಾಬಾಯಿ ಆ ವಾರವಿಡೀ ತಂಪಿನಲ್ಲೇ ಇದ್ದಳು. ಒಂದು ಮಧ್ಯಾಹ್ನ ಒಳಗಿನಿಂದ ಧಡಾರೆಂದು ಸದ್ದಾಯಿತು. ಶೀಲಾವತಿ ಓಡಿಹೋಗಿ ನೋಡಿದರೆ ಕ್ರೇಟು ಬಿದ್ದು, ಡಬ್ಬಿಗಳು ಒಡೆದು, ನೆಲದ ತುಂಬ ದಾಳಿಂಬೆ ಕಾಳು. ನೀಲಾಬಾಯಿ ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದಳು. ಬೆರಳ ತುದಿಗಳು ಸುಣ್ಣ ಹಚ್ಚಿದಂತೆ ಬೆಳ್ಳಗಾಗಿದ್ದವು.

"ಅಕ್ಕಾರ, ಬೆರಳ ಮಡಚಾಕ ಬರವಲ್ದು."

ಡಾಕ್ಟರು ನೋಡಿ, ಚಳಿಗೆ ಬೆರಳಿನ ರಕ್ತನಾಳಗಳು ಕೆಟ್ಟಿವೆ, ಸರಿಹೋಗಲು ತಿಂಗಳುಗಳೇ ಬೇಕು, ಇನ್ನು ತಂಪಿನಲ್ಲಿ ಕೆಲಸ ಕೂಡದು ಎಂದರು. ಮರುದಿನ ಮ್ಯಾನೇಜರ್ ಪ್ರೀತಮ್ ಇಬ್ಬರನ್ನೂ ಕರೆಸಿದ.

"ಪಾಳಿ ಸರಿಯಾಗಿ ಬದಲಾಗ್ತಿತ್ತಲ್ಲ?" ಎಂದು ಶೀಲಾವತಿಯನ್ನು ಹಿಂದಿಯಲ್ಲಿ ಕೇಳಿದ.

ಶೀಲಾವತಿಯ ನಾಲಿಗೆ ಅವಳಿಗಿಂತ ಮುಂದಿತ್ತು. "ಹೌದು ಸರ್. ಎಲ್ಲರ ಹಾಗೇ ಇವಳೂ."

"ಹಾಗಾದ್ರೆ ಇವರ ಮೈಗೇ ಈ ಕೆಲಸ ಒಗ್ಗೋದಿಲ್ಲ. ನಾಳೆಯಿಂದ ಬರೋದು ಬೇಡ ಅನ್ನಿ."

ನೀಲಾಬಾಯಿಗೆ ಪೂರ್ತಿ ತಿಳಿಯಲಿಲ್ಲ. "ಏನಂದ್ರ ಅಕ್ಕಾರ?" ಎಂದು ಶೀಲಾವತಿಯ ಮುಖ ನೋಡಿದಳು.

"ಗುಣ ಆಗುವವರೆಗೆ ಮನೆಯಲ್ಲಿರು ಅಂತ. ಆಮೇಲೆ ಕರೀತಾರೆ."

ಹೇಳಿದ ಸುಳ್ಳಿನ ಮೇಲೆ ಇದು ಇನ್ನೊಂದು. "ದೊಡ್ಡ ಮನಸ್ಸಿನವ್ರು" ಎಂದು ನೀಲಾಬಾಯಿ ಪ್ರೀತಮ್‌ಗೆ ಕೈ ಮುಗಿದು ಹೊರಟುಹೋದಳು.

ಅಲ್ಲಿಂದ ಶೀಲಾವತಿಗೆ ನೆಮ್ಮದಿ ಇಲ್ಲವಾಯಿತು. ನಲ್ಲಿಯ ಹತ್ತಿರ ಸಿಕ್ಕಾಗಲೆಲ್ಲ ನೀಲಾಬಾಯಿ ಆಸೆಯಿಂದ, "ಯಾವಾಗ ಕರೀತಾರಂತ ಅಕ್ಕಾರ?" ಎನ್ನುವಳು. "ನೋಡುವ" ಎಂದು ಹೇಳಿ ಶೀಲಾವತಿ ಕೊಡ ತುಂಬುವ ಮೊದಲೇ ಎತ್ತಿಕೊಂಡು ನಡೆಯುವಳು. ಸ್ಟೇಷನ್ನಿಗೆ ಬೇರೆ ದಾರಿ ಹಿಡಿದಳು. ಶೆಡ್ಡಿನಲ್ಲಿ ಈಗ ಪಾಳಿಯನ್ನು ಕಟ್ಟುನಿಟ್ಟಾಗಿ ಬದಲಾಯಿಸತೊಡಗಿದಳು. ಹೆಂಗಸರು ಬೈದರು, ಬೈಸಿಕೊಂಡಳು. ಅದರಿಂದೇನೂ ಹಗುರಾಗಲಿಲ್ಲ. ಇಷ್ಟು ಸುಲಭವಿದ್ದುದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಇನ್ನಷ್ಟು ಕುಸಿದಳು. ಒಮ್ಮೆ ಯಕ್ಷಿತಾ ಆಫೀಸಿನಿಂದ ಉಳಿದ ದಾಳಿಂಬೆಯ ಡಬ್ಬಿ ತಂದು ಮುಂದಿಟ್ಟಾಗ ಅವಳು ಮುಚ್ಚಳವನ್ನೂ ತೆರೆಯದೆ ಪಕ್ಕಕ್ಕೆ ಸರಿಸಿದಳು.

ಒಂದು ಭಾನುವಾರ ಮೋಸಂಬಿ ಹಿಡಿದುಕೊಂಡು ನೀಲಾಬಾಯಿಯ ಮನೆಗೆ ಹೋದಳು. ಶೆಟ್ಟೆಪ್ಪ ಹಿಟ್ಟು ನಾದುತ್ತಿದ್ದ. ಹೆಂಡತಿಯ ಕೈಯಲ್ಲಿ ಅದಿನ್ನೂ ಆಗುತ್ತಿರಲಿಲ್ಲ. ಅವನು ಕೈ ತೊಳೆದುಕೊಂಡು, "ಬರ್ರಿ ಅಕ್ಕಾರ, ನಿಮ್ಮಿಂದ ಇಕಿಗೊಂದು ದಾರಿ ಆಗಿತ್ತು" ಎಂದು ಚಾಪೆ ಹಾಸಿ, ಹಾಲು ತರಲು ಹೊರಗೆ ಹೋದ.

ಆ ಮಾತು ಶೀಲಾವತಿಗೆ ತಡೆಯಲಾಗಲಿಲ್ಲ. "ನೀಲಾ, ಅವರು ನಿನ್ನನ್ನು ಕರೆಯುದಿಲ್ಲ" ಎಂದಳು. "ಬರುದೇ ಬೇಡ ಅಂತ ಆವತ್ತೇ ಹೇಳಿದ್ದು. ನಾನೇ ನಿನಗೆ ತಿರುಗಿಸಿ ಹೇಳಿದೆ. ಪಾಳಿ ಬದಲಾಗ್ತಿತ್ತು ಅಂತಲೂ ನಾನೇ ಹೇಳಿದೆ."

ನೀಲಾಬಾಯಿ ಮೋಸಂಬಿಯನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ಒಬ್ಬಾಕೀನ್ನೇ ಒಳಗ ಕಳಸ್ತೀರಿ ಅನ್ನೂದು ನನಗ ಗೊತ್ತಿತ್ರಿ" ಎಂದಳು. "ನಾ ಏನ್ ಕುರುಡಿ ಅಲ್ಲ. ಆದ್ರ ನೀವು ನಮ್ಮ ಮಾತಿನಾಗ ಕೇಳ್ತಿದ್ರಿ. ಇಷ್ಟ್ ದೊಡ್ಡ ಊರಾಗ ನನ್ನ ಹಂಗ ಮಾತಾಡ್ಸೋರು ಯಾರದಾರ? ಒಲ್ಲೆ ಅಂದ್ರ ಅದೂ ಹೋಗ್ತದಂತ ಹೋಗ್ತಿದ್ನಿ. ಅದು ಬಿಡ್ರಿ. ಕೆಲಸ ಹೋತು ಅಂತ ಅವತ್ತೇ ಅಂದಿದ್ರ, ನಾ ಬ್ಯಾರೆ ಕಡೆ ಕೇಳ್ತಿದ್ದಿಲ್ಲೇನು? ಇಷ್ಟ್ ದಿವಸ ದಾರಿ ನೋಡ್ಕೋತ ಕುಂತೆ."

ಶೀಲಾವತಿ ಬಿಕ್ಕಿ ಬಿಕ್ಕಿ ಅತ್ತಳು. ನೀಲಾಬಾಯಿ ಅಳಬೇಡಿ ಅನ್ನಲಿಲ್ಲ. ಶೆಟ್ಟೆಪ್ಪ ತಂದ ಹಾಲಿನಿಂದ ಚಹಾ ಆಯಿತು; ಮೂವರೂ ಕುಡಿದರು.

ಮರುದಿನ ಬೆಳಿಗ್ಗೆ ಶೀಲಾವತಿ ಶೆಡ್ಡಿನ ಕೆಲಸದ ಕೋಟು ತೊಡುವ ಮೊದಲೇ ಪ್ರೀತಮ್ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಮೊದಲು ಕೂಗಾಡಿದ. ಆಮೇಲೆ, ಪೊಲೀಸು, ಲೇಬರ್ ಆಫೀಸು ಅಂತ ಮಾತು ಎಲ್ಲಿಗಾದರೂ ಹೋದೀತೆಂಬ ಹೆದರಿಕೆಗೋ ಏನೋ, ಔಷಧಿಯ ಖರ್ಚು ಕೊಡಿಸಿ, ಕೈ ಸರಿಹೋದ ಮೇಲೆ ಸೊಪ್ಪು ಬಿಡಿಸುವ ಟೇಬಲ್ಲಿಗೆ ನೀಲಾಬಾಯಿಯನ್ನು ಕರೆಸಲು ಒಪ್ಪಿದ. ಶೀಲಾವತಿಯ ಸೂಪರ್‌ವೈಸರ್ ಕೆಲಸ ಹೋಯಿತು. ಬಿಟ್ಟುಬಿಡು ಎಂದು ಮಗಳು ರೇಗಿದಳು. ಅವಳು ಬಿಡಲಿಲ್ಲ, ಚಾಕು ಹಿಡಿದು ಎಲ್ಲರ ಸಾಲಿನಲ್ಲಿ ನಿಂತಳು, ತಂಪು ಕೋಣೆಯ ಪಾಳಿ ಬಂದಾಗ ಬಾಯಿಬಿಡದೆ ಒಳಗೆ ಹೋದಳು.

ಚಳಿಗಾಲ ಕಳೆದ ಮೇಲೆ ನೀಲಾಬಾಯಿ ಬಂದಳು. ಹೊಸ ಸೂಪರ್‌ವೈಸರಿಗೆ ತನ್ನ ಹರಕು ಹಿಂದಿಯಲ್ಲೇ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿಕೊಂಡಳು. ಮಾತು ತಪ್ಪಿದಲ್ಲಿ ಕೈಸನ್ನೆ ಮಾಡಿದಳು, ಶೀಲಾವತಿಯ ಕಡೆ ತಿರುಗಲಿಲ್ಲ. ಊಟಕ್ಕೂ ಈಗ ಮರಾಠಿ ಹೆಂಗಸರ ನಡುವೆ ಕೂರುತ್ತಾಳೆ. ನಲ್ಲಿಯ ಹತ್ತಿರ ಎದುರಾದರೆ, "ನೀರು ಬಂತೇನ್ರಿ?" ಎಂದು ಕೇಳುತ್ತಾಳೆ. ಬಂದಿದ್ದರೆ ಬಂತು ಎನ್ನುತ್ತಾಳೆ ಶೀಲಾವತಿ. ಅದಕ್ಕಿಂತ ಹೆಚ್ಚು ಮಾತಾಡಿಸಲು ಅವಳಿಗೆ ಇನ್ನೂ ಧೈರ್ಯ ಬಂದಿಲ್ಲ.